ಹೋರಿ ಬೇರೆ, ಹೆಸರು ಬೇರೆ

ಪ್ರತಿ ವರ್ಷ ಹೊಸ ತರಗತಿಗೆ ನಾನು ಮೊದಲು ಕಲಿಸುವುದು ಪ್ರೋಗ್ರಾಂ ಬರೆಯುವುದನ್ನಲ್ಲ, ಬಾಯಿ ಮುಚ್ಚಿಕೊಂಡು ಕೇಳಿಸಿಕೊಳ್ಳುವುದನ್ನು. ಸಾಫ್ಟ್‌ವೇರ್ ಬೇಕು ಅಂತ ಬಂದವರನ್ನು ಮನಸಾರೆ ಮಾತಾಡಲು ಬಿಡಿ, ಹೇಳಿದ್ದನ್ನೆಲ್ಲ ಬರೆದುಕೊಳ್ಳಿ, ಆಮೇಲೆ ಅವರ ಬಾಯಲ್ಲಿ ಬಂದ ಒಂದೊಂದು ವಸ್ತುವಿನ ಕೆಳಗೂ ಗೆರೆ ಎಳೆಯಿರಿ. ಗೆರೆ ಬಿದ್ದವೇ ನಿಮ್ಮ ಆಬ್ಜೆಕ್ಟ್‌ಗಳು. ಒಂದೊಂದೂ ತನ್ನ ಮಾಹಿತಿಯನ್ನು ತನ್ನಲ್ಲೇ ಇಟ್ಟುಕೊಂಡು, ತನ್ನ ಕೆಲಸ ತಾನು ಮಾಡಿಕೊಂಡು, ಇನ್ನೊಂದರ ಹೊಟ್ಟೆಯೊಳಗೆ ಕೈ ಹಾಕದೆ ಬದುಕುತ್ತದೆ. ಡೇಟಾಬೇಸ್ ಅಂದರೆ ಕೆಲಸ ಮುಗಿದ ಮೇಲೆ ಇವೆಲ್ಲ ಹೋಗಿ ಮಲಗುವ ಕೊಟ್ಟಿಗೆ, ಅಷ್ಟೆ. ಆಬ್ಜೆಕ್ಟ್‌ಗಳು ಮನುಷ್ಯರಿಗಿಂತ ಎಷ್ಟೋ ಮೇಲು ಅಂತ ಕೊನೆಗೆ ಸೇರಿಸುತ್ತಿದ್ದೆ. ಹುಡುಗಿಯರು ನಗುತ್ತಿದ್ದರು. ಈ ವರ್ಷ ಸೇರಿಸಲಿಲ್ಲ.

ನಾನು ಶಿಕಾರಿಪುರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅತಿಥಿ ಅಂದರೆ ಬೇಕಾದಾಗ ಕರೆಸಿಕೊಂಡು ಸಾಕಾದಾಗ ಬಾಗಿಲು ತೋರಿಸಬಹುದಾದವಳು ಅಂತ ಅರ್ಥ. ಹಾಗಾಗಿ ಮಧ್ಯಾಹ್ನದ ಮೇಲೆ ಬಸ್ ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಯ ಮಹಡಿಯಲ್ಲಿ ಯತೀಶನ ಜೊತೆ ಸೇರಿ ಸ್ವಂತ ಕೆಲಸ ಮಾಡುತ್ತೇನೆ. ಯತೀಶ ನನ್ನ ಜೊತೆ ಓದಿದವನು, ಈಗ ಪಾಲುದಾರ. ಗೊಬ್ಬರದಂಗಡಿ, ಅಡಿಕೆ ಮಂಡಿ, ಬಟ್ಟೆ ಅಂಗಡಿ, ಯಾರು ಬಂದರೂ ಅವರಿಗೆ ತಕ್ಕ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಎರಡು ವರ್ಷದ ಹಿಂದೆ ಕೊಟ್ರೇಶಮಾವ ಬಂದ.

ಕೊಟ್ರೇಶಮಾವ ನನ್ನ ಅವ್ವನ ತಮ್ಮ. ಮೆಕ್ಕೆಜೋಳದ ವ್ಯಾಪಾರ, ಹೊರವರ್ತುಲ ರಸ್ತೆಯಲ್ಲಿ ಗೋದಾಮು, ಕೊರಳಲ್ಲಿ ದಪ್ಪನೆಯ ಚೈನು. ಆದರೆ ಅವನನ್ನು ಎರಡು ತಾಲ್ಲೂಕಿಗೆ ಪರಿಚಯಿಸಿದ್ದು ಮೆಕ್ಕೆಜೋಳವಲ್ಲ, ಅವನ ಮನೆಯ ಹೋರಿ. ಅದರ ಹೆಸರು ಅಗಸಿ ಸರದಾರ. ನಮ್ಮ ಕಡೆ ದೀಪಾವಳಿ ಮುಗಿಯಿತು ಅಂದರೆ ಹೋರಿ ಬೆದರಿಸುವ ಹಬ್ಬದ ಕಾಲ. ಕೊರಳಿಗೆ, ಕೋಡಿಗೆ ಕೊಬ್ಬರಿ ಸರ ಕಟ್ಟಿ, ಬಲೂನು ಏರಿಸಿ, ಬೆನ್ನ ಮೇಲೆ ಬಣ್ಣದ ಬಟ್ಟೆಯ ಜೂಲ ಹಾಕಿ ಹೋರಿಯನ್ನು ಅಖಾಡಕ್ಕೆ ಬಿಡುತ್ತಾರೆ. ಎರಡೂ ಕಡೆ ಜನ ಗೋಡೆ ಕಟ್ಟಿದ ಹಾಗೆ ನಿಂತಿರುತ್ತಾರೆ. ನಡುವೆ ಓಡುವ ಹೋರಿಯ ಮೇಲೆ ಹಾರಿ, ಕೊರಳಿಗೆ ಜೋತುಬಿದ್ದು ಕೊಬ್ಬರಿ ಹರಿಯುವವರು ಇರುತ್ತಾರೆ. ಕೊಬ್ಬರಿ ಕೊಡದೆ ಆಚೆ ತುದಿ ಮುಟ್ಟಿದ ಹೋರಿ ಗೆದ್ದ ಹಾಗೆ. ಗೆದ್ದ ಹೋರಿಯ ಹೆಸರು ಫ್ಲೆಕ್ಸಿನ ಮೇಲೆ, ಬೈಕಿನ ನಂಬರ್ ಪ್ಲೇಟಿನ ಮೇಲೆ, ಹುಡುಗರ ಟೀ ಶರ್ಟಿನ ಎದೆಯ ಮೇಲೆ ಬರುತ್ತದೆ. ಹಿಡಿದವನ ಹೆಸರು ಎಲ್ಲೂ ಬರುವುದಿಲ್ಲ. ಮೈಕಿನವನು ಬಹಳವೆಂದರೆ "ಯಾರೋ ಪೈಲ್ವಾನ ಹಿಡಿದ ನೋಡ್ರಿ" ಅನ್ನುತ್ತಾನೆ.

ಮಾವ ಆಗ ಎರಡೂ ತಾಲ್ಲೂಕಿನ ಹೋರಿ ಮಾಲೀಕರ ಬಳಗಕ್ಕೆ ಅಧ್ಯಕ್ಷನಾಗಿದ್ದ. ಬಳಗಕ್ಕೆ ಹೊಡೆದಾಟ ಬಿಡಿಸುವುದೇ ಕೆಲಸವಾಗಿತ್ತು. ಒಂದೇ ಹೋರಿ ಶಿಕಾರಿಪುರದ ಕಡೆ ಒಂದು ಹೆಸರಲ್ಲಿ ಓಡುತ್ತದೆ, ಸೊರಬದ ಕಡೆ ಇನ್ನೊಂದು ಹೆಸರಲ್ಲಿ ಓಡುತ್ತದೆ. ಹೆಸರಾದ ಹೋರಿಯ ಹೆಸರನ್ನು ಇನ್ಯಾರೋ ತಮ್ಮ ಬಡಕಲು ಹೋರಿಗೆ ಇಟ್ಟು ತಂದು ನಿಲ್ಲಿಸುತ್ತಾರೆ. ಬಹುಮಾನದ ಬೈಕು ಯಾರಿಗೆ ಅಂತ ತಲೆ ಒಡೆಯುತ್ತದೆ. ಎಲ್ಲ ಮೊಬೈಲಿನಲ್ಲಿ ಸಿಗುವಂತೆ ಏನಾದರೂ ಮಾಡಿಕೊಡು ಅಂದ. ಮಾವನ ಮಾತು, ಇಲ್ಲ ಅನ್ನಲಾಗಲಿಲ್ಲ. ಸುಳ್ಳೇಕೆ, ಅನ್ನಬೇಕು ಅಂತಲೂ ಅನಿಸಲಿಲ್ಲ. ಬಿಲ್ಲು ಹಾಕುವ ಸಾಫ್ಟ್‌ವೇರ್ ಬರೆದು ಬರೆದು ಬೇಸತ್ತಿದ್ದವಳಿಗೆ ಜೀವ ಇರುವ ಕೆಲಸ ಸಿಕ್ಕಿತ್ತು.

ಗೋದಾಮಿನಲ್ಲಿ ಚೀಲಗಳ ಮೇಲೆ ಕೂತು ಬಳಗದ ಹಿರಿಯರು ಮಾತಾಡಿದರು. ನಾನು ಬರೆದುಕೊಂಡೆ. ಹೋರಿ, ಮಾಲೀಕ, ಊರು, ಅಖಾಡ, ಕೊಬ್ಬರಿ, ಜೂಲ, ಡಿಜೆ, ಟೀ ಶರ್ಟು, ಪಶುವೈದ್ಯರ ಚೀಟಿ, ಬಹುಮಾನ. ಜೀವ ತೆಗೆದ ಹೋರಿಯನ್ನು ಮತ್ತೆ ಅಖಾಡಕ್ಕೆ ಇಳಿಸುವ ಪದ್ಧತಿ ನಮ್ಮಲ್ಲಿಲ್ಲ, ಅದಕ್ಕೊಂದು ತಡೆ ಇರಲಿ ಅಂದರು ಸದಾಶಿವಪ್ಪನವರು, ಅವರಲ್ಲೆಲ್ಲ ಹಿರಿಯರು. ಪೊಲೀಸಿನವರು ಕೇಳುತ್ತಾರೆ, ಪೆಟ್ಟಾದವರು ಎಷ್ಟು ಅಂತ ಒಂದು ಖಾನೆಯೂ ಇಟ್ಟುಬಿಡು ಅಂದರು ಇನ್ನೊಬ್ಬರು. ಎಲ್ಲದರ ಕೆಳಗೂ ಗೆರೆ ಎಳೆದೆ. ಅಷ್ಟು ಚೆನ್ನಾಗಿ ಮಾತಾಡಿದ ಗಿರಾಕಿಗಳನ್ನು ನಾನು ನೋಡಿರಲಿಲ್ಲ.

ಯತೀಶ ಹಳೇ ಪದ್ಧತಿಯವನು. ಒಂದು ಟೇಬಲ್ ಮಾಡು, ಸಾಲಿಗೊಂದು ಹೋರಿ, ಹೋರಿಯ ಹೆಸರೇ ಗುರುತು, ವಾರದಲ್ಲಿ ಕೆಲಸ ಮುಗಿಯುತ್ತದೆ ಅಂದ. ನಾನು ಒಪ್ಪಲಿಲ್ಲ. ಯಾಕೆಂದರೆ ಗೋದಾಮಿನ ಮಾತಿನಲ್ಲಿ ನನಗೊಂದು ವಿಷಯ ಹೊಳೆದಿತ್ತು. ಮಾವನ ಮನೆಯ ಆಗಿನ ಸರದಾರ ಮೊದಲ ಸರದಾರನಲ್ಲ. ಮೊದಲನೆಯದು ಮುದಿಯಾಗಿ ಸತ್ತಿತ್ತು, ಆಮೇಲಿನದು ಕಾಲು ಮುರಿದುಕೊಂಡಿತ್ತು. ಒಂದು ಹೋದ ಮೇಲೆ ಅದೇ ಹೆಸರನ್ನು ಕೊಟ್ಟಿಗೆಯ ಇನ್ನೊಂದಕ್ಕೆ ಇಡುತ್ತಾರೆ. ಜನ ಅದನ್ನು ಎರಡನೆಯದು, ಮೂರನೆಯದು ಅನ್ನುವುದಿಲ್ಲ. ಸರದಾರ ಅಂದರೆ ಸರದಾರ. ಫ್ಲೆಕ್ಸು ಅದೇ, ಅಭಿಮಾನಿಗಳು ಅವರೇ. ಹೆಸರು ಹೋರಿಯ ಆಸ್ತಿಯಲ್ಲ, ಮನೆಯ ಆಸ್ತಿ.

ಹಾಗಾಗಿ ನನ್ನ ವಿನ್ಯಾಸದಲ್ಲಿ ಹೋರಿ ಒಂದು ಆಬ್ಜೆಕ್ಟ್, ಹೆಸರು ಇನ್ನೊಂದು. ಹೋರಿಯ ಗುರುತು ಅದರ ಕಿವಿಗೆ ಸರ್ಕಾರದವರು ಹಾಕಿದ ಓಲೆಯ ನಂಬರು. ಓಡಿದ ಓಟ, ಆದ ಗಾಯ, ವಯಸ್ಸು, ತಡೆ, ಎಲ್ಲ ಹೋರಿಯದು. ಗೆದ್ದ ಬಹುಮಾನ, ಅಭಿಮಾನಿ ಬಳಗ, ಟೀ ಶರ್ಟು, ಕೀರ್ತಿ, ಎಲ್ಲ ಹೆಸರಿನದು. ಎರಡರ ನಡುವೆ ಒಂದು ದಾರ. ಹೋರಿ ಸತ್ತರೆ ದಾರ ಬಿಚ್ಚಿ ಇನ್ನೊಂದಕ್ಕೆ ಕಟ್ಟಿದರಾಯಿತು. ಯತೀಶನಿಗೆ ಇದೆಲ್ಲ ಅತಿಯಾಯಿತು ಅನಿಸಿತು. ನಾಲ್ಕು ದಿನ ಮುಖ ಊದಿಸಿಕೊಂಡು ಕೂತ, ಐದನೇ ದಿನ ಬರೆಯಲು ಶುರು ಮಾಡಿದ.

ಮುಗಿದ ಮೇಲೆ ಗೋದಾಮಿನ ಗೋಡೆಯ ಮೇಲೆ ಪ್ರೊಜೆಕ್ಟರ್ ಬಿಟ್ಟು ತೋರಿಸಿದೆ. ಹೋರಿ ಬೇರೆ, ಹೆಸರು ಬೇರೆ, ಇದಿಷ್ಟು ಅರ್ಥ ಮಾಡಿಕೊಂಡರೆ ಎಲ್ಲ ಅರ್ಥವಾಯಿತು ಅಂದೆ. ಸದಾಶಿವಪ್ಪನವರು ನಮ್ಮ ಮನಸ್ಸಿನಲ್ಲಿದ್ದುದನ್ನು ಹೊರಗೆ ತೆಗೆದು ಇಟ್ಟಿದ್ದಾಳೆ ಅಂತ ಹೊಗಳಿದರು. ಮಾವ ಎಲ್ಲರಿಗೂ ನಮ್ಮಕ್ಕನ ಮಗಳು, ನಮ್ಮಕ್ಕನ ಮಗಳು ಅಂತ ಹೇಳಿಕೊಂಡು ತಿರುಗಿದ. ಆ ವರ್ಷ ಒಂದೂ ಸುಳ್ಳು ಹೋರಿ ಅಖಾಡಕ್ಕೆ ಇಳಿಯಲಿಲ್ಲ. ನನಗೆ ಹೆಮ್ಮೆಯಾಗಿತ್ತು. ಹೆಮ್ಮೆಪಡುವಂಥ ಕೆಲಸವೇ ಆಗಿತ್ತು, ಈಗಲೂ ಹೇಳುತ್ತೇನೆ.

ಮರುವರ್ಷ ದೀಪಾವಳಿ ಕಳೆದು ಸೊರಬದ ದಾರಿಯ ಒಂದು ಊರಿನಲ್ಲಿ ಸರದಾರ ಲೋಕೇಶನನ್ನು ಹಾಯಿತು. ಊರಿನ ಹೆಸರು ಬೇಡ, ಆ ಊರಿನವರದು ತಪ್ಪೇನಿಲ್ಲ. ಲೋಕೇಶ ಕುಪ್ಪಗಡ್ಡೆಯ ಹತ್ತಿರದವನು, ಬಾಡಿಗೆ ಟ್ರ್ಯಾಕ್ಟರ್ ಓಡಿಸುತ್ತಿದ್ದ, ಹೋರಿ ಹಿಡಿಯುವ ಹುಚ್ಚಿತ್ತು. ಕೊರಳಿಗೆ ಜೋತುಬಿದ್ದವನು ಕೈ ಜಾರಿ ಕೆಳಗೆ ಬಿದ್ದ, ಎದ್ದೇಳುವುದರೊಳಗೆ ಕೋಡು ಹೊಟ್ಟೆಗೆ ಇಳಿದಿತ್ತು. ಶಿವಮೊಗ್ಗಕ್ಕೆ ಸಾಗಿಸುವಾಗ ದಾರಿಯಲ್ಲೇ ಜೀವ ಹೋಯಿತು. ನಾನು ಅಲ್ಲಿರಲಿಲ್ಲ. ಸಂಜೆ ಫೋನಿನಲ್ಲಿ ಆ ದಿನದ ಓಟ ನೋಡಿದಾಗ ಸರದಾರನ ಎದುರಿಗೆ ಕೊಬ್ಬರಿ ಭದ್ರ ಅಂತಿತ್ತು. ಕೆಳಗಿದ್ದದ್ದು ನಾನು ಸರಿಯಾಗಿ ನೋಡಲಿಲ್ಲ.

ಮಾವ ಹೆದರಿದ. ಅವನು ಕೆಟ್ಟವನಲ್ಲ ಅಂತ ಹೇಳಿದರೆ ಈಗ ನನಗೇ ಸಿಟ್ಟು ಬರುತ್ತದೆ, ಆದರೂ ಅವತ್ತು ಅವನು ಊಟ ಮಾಡಲಿಲ್ಲ ಅನ್ನುವುದು ನಿಜ. ಬಳಗದ ನಾಲ್ಕು ಜನರನ್ನು ಕರೆದುಕೊಂಡು ಲೋಕೇಶನ ಮನೆಗೆ ಹೋದ. ಪರಿಹಾರದ ಮಾತು ಗಂಡಸರ ನಡುವೆ ಹೊರಗೆ ಜಗಲಿಯಲ್ಲಿ ನಡೆಯಿತು. ಲೋಕೇಶನ ಹೆಂಡತಿ ಸಾವಿತ್ರಿಬಾಯಿ ಹೊಸ್ತಿಲ ಒಳಗಿಂದ ಒಂದೇ ಒಂದು ಮಾತು ಕೇಳಿದಳಂತೆ. ಇನ್ನು ಮೇಲೆ ಸರದಾರ ಅಖಾಡಕ್ಕೆ ಇಳಿಯಬಾರದು. ಇಳಿಯುವುದಿಲ್ಲ ಅಂತ ಮಾವ ಅಲ್ಲಿದ್ದ ಎಲ್ಲರ ಮುಂದೆ ಮಾತು ಕೊಟ್ಟ. ಮರುದಿನ ಬಳಗದವರು ಹೋರಿಗೆ ಆಜೀವ ತಡೆ ಹಾಕಿದರು. ಮಾಡಬೇಕಾದದ್ದನ್ನು ತಡಮಾಡದೆ ಮಾಡಿದರು ಅಂತ ನಾನು ಯತೀಶನ ಹತ್ತಿರ ಹೊಗಳಿದ್ದೂ ಉಂಟು.

ಸಂಕ್ರಾಂತಿಗೆ ಮುಂಚೆ ಒಂದು ಮಧ್ಯಾಹ್ನ ಸಾವಿತ್ರಿಬಾಯಿ ನಮ್ಮ ಮಹಡಿಯ ಮೆಟ್ಟಿಲು ಹತ್ತಿ ಬಂದಳು. ನಾನು ಅವಳನ್ನು ಅದಕ್ಕೆ ಮುಂಚೆ ನೋಡಿರಲಿಲ್ಲ. ನನಗಿಂತ ಚಿಕ್ಕವಳು. ಊರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತೇನೆ, ಮಕ್ಕಳಿಗೆ ಬಡಿಸಿ ಮುಗಿಸಿ ಬಸ್ಸು ಹತ್ತಿದೆ ಅಂದಳು. ಹೋರಿಗಳ ಲೆಕ್ಕ ಇಡುವವರು ನೀವೇ ಅಂತ ಯಾರೋ ಹೇಳಿದ್ದರಂತೆ. ಫೋನು ತೆಗೆದು ವಾಟ್ಸಾಪಿಗೆ ಬಂದ ಒಂದು ಚಿತ್ರ ತೋರಿಸಿದಳು. ಕಪ್ಪು ಹೋರಿ, ಕೋಡಿನ ತುಂಬ ಬಲೂನು, ಹಿಂದೆ ಬೆಂಕಿಯ ಜ್ವಾಲೆ, ಕೆಳಗೆ ದಪ್ಪ ಅಕ್ಷರದಲ್ಲಿ ಅಗಸಿ ಸರದಾರ ಮತ್ತೆ ಅಖಾಡಕ್ಕೆ ಅಂತ ಬರೆದಿತ್ತು.

ಏನೋ ತಪ್ಪಾಗಿರಬೇಕು ಅಂದುಕೊಂಡು ಕಂಪ್ಯೂಟರ್ ತೆರೆದೆ. ಏನೂ ತಪ್ಪಾಗಿರಲಿಲ್ಲ. ಲೋಕೇಶನನ್ನು ಹಾಯ್ದ ಹೋರಿ ತನ್ನ ಕಿವಿಯೋಲೆಯ ನಂಬರಿನಲ್ಲಿ ಹಾಗೇ ಇತ್ತು. ತಡೆಯೂ ಇತ್ತು. ಮಾಲೀಕನ ಜಾಗ ಖಾಲಿ, ಹೆಸರಿನ ಜಾಗ ಖಾಲಿ. ಮಾವ ಅದನ್ನು ಹೊಳೆಯಾಚೆಯ ಸಂತೆಗೆ ಹೊಡೆದಿದ್ದ. ಅಗಸಿ ಸರದಾರ ಅನ್ನುವ ಹೆಸರಿನ ದಾರ ಈಗ ಹೊಸದೊಂದು ಕಪ್ಪು ಹೋರಿಗೆ ಕಟ್ಟಿಕೊಂಡಿತ್ತು. ಆ ಹೋರಿ ಯಾರನ್ನೂ ಹಾಯ್ದಿರಲಿಲ್ಲ, ಅದರ ಮೇಲೆ ಯಾವ ತಡೆಯೂ ಇರಲಿಲ್ಲ. ಗೆದ್ದ ಬಹುಮಾನಗಳೆಲ್ಲ ಹೆಸರಿನ ಕೆಳಗೆ ಒಂದೂ ಬಿಡದೆ ಹೊಳೆಯುತ್ತಿದ್ದವು. ಹೆಸರು ವರ್ಗಾಯಿಸಿ ಅನ್ನುವ ಗುಂಡಿಯನ್ನು ಮಾವ ತನ್ನ ಫೋನಿನಲ್ಲೇ ಒತ್ತಿದ್ದ. ಆ ಗುಂಡಿಯನ್ನು ದೊಡ್ಡದಾಗಿ, ಹಸಿರು ಬಣ್ಣದಲ್ಲಿ ಇಟ್ಟುಕೊಟ್ಟವಳು ನಾನು.

ನಿಮ್ಮವರನ್ನು ಹಾಯ್ದ ಹೋರಿ ಇದಲ್ಲ, ಅದನ್ನು ಮಾರಿದ್ದಾರೆ, ಅದು ಇನ್ನು ಓಡುವುದಿಲ್ಲ ಅಂತ ಸಾವಿತ್ರಿಬಾಯಿಗೆ ಹೇಳಿದೆ. ಪಾಠ ಹೇಳುವ ದನಿಯಲ್ಲೇ ಹೇಳಿದೆ ಅಂತ ಕಾಣುತ್ತದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಹೋರಿಗೇನ್ ಗೊತ್ತು ಮೇಡಂ, ಅದು ಮೂಕಪ್ರಾಣಿ. ಅದ್ರ ಮೇಲೆ ನಂಗೆ ಸಿಟ್ಟಿಲ್ಲ. ಅವತ್ತು ಇವ್ರು ಕೆಳಗೆ ಬಿದ್ದು ಒದ್ದಾಡ್ತಿದ್ರೂ ಮೈಕಲ್ಲಿ ಸರದಾರ, ಸರದಾರ ಅಂತ ಕೂಗ್ತಾನೇ ಇದ್ರಂತೆ. ಕೊನೇಗೆ ಇವ್ರ ಕಿವಿಗೆ ಬಿದ್ದಿದ್ದು ಅದೇ. ಆ ಹೆಸ್ರು ಇನ್ಮೇಲೆ ಕೂಗ್ಬಾರ್ದು ಅಂತ ನಾನು ಕೇಳಿದ್ದು. ಹೋರಿ ವಿಷ್ಯ ಅಲ್ಲ."

ನಾನು ನೀರು ಕೊಟ್ಟೆ. ಮಾವನ ಹತ್ತಿರ ಮಾತಾಡುತ್ತೇನೆ ಅಂತ ಹೇಳಿ ಕಳಿಸಿದೆ. ಅವಳು ಮೆಟ್ಟಿಲು ಇಳಿದ ಮೇಲೆ ಯತೀಶ ಪರದೆಯಿಂದ ತಲೆ ಎತ್ತದೆ, ನನ್ನ ಒಂದೇ ಟೇಬಲ್ ಮಾಡಿದ್ದರೆ ಹೆಸರೇ ಗುರುತಾಗಿರುತ್ತಿತ್ತು, ತಡೆ ಹೆಸರಿಗೇ ಅಂಟಿಕೊಳ್ಳುತ್ತಿತ್ತು ಅಂದ. ಚುಚ್ಚಲು ಹೇಳಿದ್ದಲ್ಲ, ಲೆಕ್ಕ ಹೇಳಿದ ಹಾಗೆ ಹೇಳಿದ. ಕೈಯಲ್ಲಿದ್ದ ಮೌಸನ್ನು ಅವನ ಮುಖಕ್ಕೆ ಎಸೆಯಬೇಕು ಅನಿಸಿತು. ಕೆಟ್ಟ ವಿನ್ಯಾಸ ಆ ಹೆಂಗಸಿಗೆ ನ್ಯಾಯ ಕೊಡುತ್ತಿತ್ತು, ಒಳ್ಳೆಯ ವಿನ್ಯಾಸ ಮಾವನಿಗೆ ತಪ್ಪಿಸಿಕೊಳ್ಳಲು ಹಿತ್ತಿಲ ಬಾಗಿಲು ತೆಗೆದುಕೊಟ್ಟಿತ್ತು. ಇದನ್ನು ಯಾವ ಪುಸ್ತಕದಲ್ಲೂ ಯಾರೂ ನನಗೆ ಹೇಳಿರಲಿಲ್ಲ.

ಗೋದಾಮಿಗೆ ಹೋದೆ. ಮಾವ ಅಂಗಳದಲ್ಲಿ ಟಾರ್ಪಲ್ ಮೇಲೆ ಹರವಿದ ಮೆಕ್ಕೆಜೋಳವನ್ನು ಕಾಲಿನಿಂದ ಕೆದಕುತ್ತಿದ್ದ. ಕೂರು, ಮಜ್ಜಿಗೆ ತರಿಸುತ್ತೇನೆ ಅಂದ. ನಿಂತೇ ಕೇಳಿದೆ. ಸರದಾರ ಇಳಿಯುವುದಿಲ್ಲ ಅಂತ ಅವರ ಮನೆಯ ಜಗಲಿಯಲ್ಲಿ ಮಾತು ಕೊಟ್ಟು ಬಂದವನು ಈಗ ಮಾಡಿದ್ದೇನು ಅಂತ ಕೇಳಿದೆ. ಅವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು.

"ಕೊಟ್ಟ ಮಾತು ಉಳಿಸೀನಲ್ಲವ್ವಾ. ಮಗನಂಗ ಸಾಕಿದ ಹೋರಿನ ಅರ್ಧ ರೇಟಿಗೆ ಹೊಡ್ದು ಬಂದೀನಿ. ಹೋರಿ ಬ್ಯಾರೆ, ಹೆಸರು ಬ್ಯಾರೆ ಅಂತ ಇದೇ ಗ್ವಾಡಿ ಮ್ಯಾಲೆ ಬೆಳಕು ಬಿಟ್ಟು ತೋರ್ಸಿದಾಕಿ ನೀನ. ಹೆಸರೇನು ಯಾರನ್ನಾರ ಹಾಯ್ತೈತೇನು?"

ನನ್ನ ಮಾತು ನನಗೇ ವಾಪಸ್ ಬಂದಿತ್ತು, ಅದೂ ಒಂದಕ್ಷರ ಬದಲಾಗದೆ. ಆ ಹೆಂಗಸು ಬೇಡ ಅಂದದ್ದು ಹೆಸರನ್ನು ಅಂತ ಹೇಳಿದೆ. ಹೆಸರು ಅಪ್ಪನ ಕಾಲದಿಂದ ಮನೆಗೆ ಬಂದದ್ದು, ಅದನ್ನು ಬಿಡು ಅಂದರೆ ಮನೆ ಬಿಡು ಅಂದ ಹಾಗೆ ಅಂದ. ಆರು ನೂರು ಹುಡುಗರು ಟೀ ಶರ್ಟ್ ಹಾಕಿಕೊಂಡು ಕಾಯುತ್ತಿದ್ದಾರೆ, ಅವರಿಗೆ ಏನು ಹೇಳಲಿ ಅಂದ. ಬಳಗದ ಹಿರಿಯರನ್ನು ಕೇಳಿಯೇ ಮಾಡಿದ್ದೇನೆ, ಸದಾಶಿವಪ್ಪನವರೇ ಮೊಬೈಲ್ ನೋಡಿ ತಡೆ ಹೋರಿಗಿದೆ, ಹೆಸರಿಗಿಲ್ಲ ಅಂತ ತೀರ್ಮಾನ ಕೊಟ್ಟರು ಅಂದ. ಕೊನೆಗೆ ಬೆನ್ನು ತಟ್ಟಿ, ಅವ್ವನನ್ನು ಸಂಕ್ರಾಂತಿಗೆ ಕರೆದುಕೊಂಡು ಬಾ, ಎಳ್ಳು ಹೋಳಿಗೆ ಮಾಡಿಸುತ್ತೇನೆ ಅಂತ ಕಳಿಸಿದ. ಬೈದಿದ್ದರೆ ಚೆನ್ನಾಗಿತ್ತು. ಬೈದವರಿಗೆ ತಿರುಗಿ ಬೈಯಬಹುದು.

ಮಹಡಿಗೆ ವಾಪಸ್ ಬಂದು ಸಾಫ್ಟ್‌ವೇರ್ ಬದಲಿಸಲು ಕೂತೆ. ಒಂದು ಹೆಸರು ಹೊತ್ತ ಹೋರಿ ಜೀವ ತೆಗೆದರೆ ತಡೆ ಹೋರಿಗೂ ಬೀಳಬೇಕು, ಹೆಸರಿಗೂ ಬೀಳಬೇಕು, ಆ ಹೆಸರನ್ನು ಮುಂದೆ ಯಾವ ಹೋರಿಗೆ ಕಟ್ಟಿದರೂ ಅದು ಅಖಾಡಕ್ಕೆ ಇಳಿಯಬಾರದು. ಬರೆದದ್ದು ಕೆಲವೇ ಸಾಲು. ಎಲ್ಲ ಬಿಡಿಬಿಡಿಯಾಗಿ, ತಮ್ಮ ತಮ್ಮ ಜಾಗದಲ್ಲಿ ಇದ್ದುದರಿಂದ ಇನ್ನೇನನ್ನೂ ಕೆಡಿಸದೆ ಇದನ್ನು ಸೇರಿಸಲಾಯಿತು. ಯತೀಶನ ಟೇಬಲ್‌ನಲ್ಲಿ ಇಂಥದ್ದನ್ನು ಮಾಡಲು ಹೋಗಿದ್ದರೆ ವಾರ ಹಿಡಿಯುತ್ತಿತ್ತು ಅಂತ ಅವನಿಗೆ ಕೇಳುವ ಹಾಗೆ ಹೇಳಿದೆ.

ಅವನು ನನ್ನ ಹಿಂದೆ ಬಂದು ನಿಂತು ನೋಡಿದ. ಈ ಬದಲಾವಣೆ ಕೇಳಿದ್ದು ಯಾರು ಅಂದ. ಮೆಟ್ಟಿಲು ಹತ್ತಿ ಬಂದಿದ್ದಳಲ್ಲ, ಅವಳು ಅಂದೆ. ಅವಳು ನಮ್ಮ ಗಿರಾಕಿ ಅಲ್ಲ ಅಂದ. ಅದು ನನಗೂ ಗೊತ್ತಿತ್ತು. ಬಳಗದವರ ಫೋನುಗಳಿಗೆಲ್ಲ ಹೊಸದನ್ನು ಕಳಿಸಿಬಿಟ್ಟೆ. ಆಮೇಲೆ ಸಾವಿತ್ರಿಬಾಯಿಗೆ ಫೋನು ಮಾಡಿ, ಆ ಹೆಸರು ಇನ್ನು ಯಾವ ಮೈಕಿನಲ್ಲೂ ಬರುವುದಿಲ್ಲ, ಬೇಕಾದರೆ ಬಂದು ಕೇಳಿ ಅಂದೆ. ಬರುವುದಿಲ್ಲ ಅಂತ ಹೇಳಿ ಸುಮ್ಮನಾಗಬಹುದಿತ್ತು. ಬಂದು ಕೇಳಿ ಅಂತ ಯಾಕೆ ಹೇಳಿದೆ ಅಂದರೆ, ನಾನು ಗೆಲ್ಲುವುದನ್ನು ಒಬ್ಬರಾದರೂ ನೋಡಲಿ ಅಂತ ಆಸೆಯಾಗಿತ್ತು.

ಅಖಾಡ ಈ ಸಲ ಸೊರಬಕ್ಕೆ ಇನ್ನೂ ಹತ್ತಿರದ ಊರಿನಲ್ಲಿ. ಭತ್ತ ಕೊಯ್ದ ಗದ್ದೆಯ ಪಕ್ಕದ ಅಗಲ ದಾರಿಗೆ ಎರಡೂ ಕಡೆ ಬಿದಿರಿನ ಗಳ ಕಟ್ಟಿದ್ದರು. ಡಿಜೆಯ ಸದ್ದಿಗೆ ಎದೆಯೊಳಗೆ ನಡುಕ ಬರುತ್ತಿತ್ತು. ಮರದ ಮೇಲೆ, ಟ್ರ್ಯಾಕ್ಟರಿನ ಮೇಲೆ, ಶಾಲೆಯ ಕಾಂಪೌಂಡಿನ ಮೇಲೆ ಜನ. ಅಗಸಿ ಸರದಾರ ಅಂತ ಎದೆಯ ಮೇಲೆ ಬರೆದ ಕಿತ್ತಳೆ ಬಣ್ಣದ ಟೀ ಶರ್ಟುಗಳು ಒಂದು ಕಡೆ ಗುಂಪಾಗಿ ನಿಂತಿದ್ದವು. ಸಾವಿತ್ರಿಬಾಯಿ ಶಾಲೆಯ ಕೆಲಸಕ್ಕೆ ಉಡುವ ನೀಲಿ ಸೀರೆಯಲ್ಲೇ ಬಂದಿದ್ದಳು. ಆ ಟೀ ಶರ್ಟುಗಳ ಕಡೆ ಬೆನ್ನು ಮಾಡಿ ನಿಂತುಕೊಂಡಳು. ಪೆಂಡಾಲಿನ ಪಕ್ಕ, ಹೋರಿ ಬಿಡುವ ಬಾಗಿಲು ಕಾಣುವ ಕಡೆ ಅವಳನ್ನು ಕರೆದುಕೊಂಡು ಹೋದೆ.

ಬಾಗಿಲಲ್ಲಿ ಬಳಗದ ವೀರೇಶ ಒಂದೊಂದು ಹೋರಿಯ ಕಿವಿಯೋಲೆಗೂ ಫೋನು ಹಿಡಿಯುತ್ತಿದ್ದ. ಹಸಿರು ಬಂದರೆ ಹಗ್ಗ ಬಿಚ್ಚುತ್ತಿದ್ದರು, ಮೈಕಿನಲ್ಲಿ ಹೆಸರು ಮೊಳಗುತ್ತಿತ್ತು. ನಾನು ಬರೆದದ್ದೆಲ್ಲ ಬರೆದ ಹಾಗೆಯೇ ನಡೆಯುತ್ತಿತ್ತು. ಮಾವನ ಕಪ್ಪು ಹೋರಿ ಬಂತು. ಎಳೆಯ ಹೋರಿ, ಬಲೂನಿನ ಸದ್ದಿಗೆ ಅದೇ ಬೆದರುತ್ತಿತ್ತು. ವೀರೇಶ ಫೋನು ಹಿಡಿದ. ಪರದೆ ಕೆಂಪಾದದ್ದು ನಾನು ನಿಂತಲ್ಲಿಗೂ ಕಂಡಿತು. ಈ ಹೆಸರಿಗೆ ತಡೆ ಇದೆ ಅಂತ ಬಂದಿರುತ್ತದೆ ಅಂತ ಸಾವಿತ್ರಿಬಾಯಿಯ ಕಿವಿಯಲ್ಲಿ ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡಳು.

ವೀರೇಶ ಇನ್ನೊಂದು ಸಲ ಹಿಡಿದ, ಮತ್ತೆ ಕೆಂಪು. ಮಾವನನ್ನು ಕರೆದ. ಮಾವ ಬಂದು ಫೋನನ್ನು ನೋಡಿದ. ತಲೆ ಎತ್ತಿ ಜನರ ನಡುವೆ ಹುಡುಕಿ ನನ್ನನ್ನು ನೋಡಿದ. ನನ್ನ ಪಕ್ಕದಲ್ಲಿದ್ದವಳನ್ನೂ ನೋಡಿದ. ಅವನಿಗೆ ಸಿಟ್ಟು ಬಂದಿರಲಿಲ್ಲ. ಮಗು ಹಟ ಮಾಡಿದಾಗ ನೋಡುತ್ತಾರಲ್ಲ, ಹಾಗೆ ನೋಡಿದ. ಆಮೇಲೆ ವೀರೇಶನಿಗೆ ಏನೋ ಹೇಳಿದ. ವೀರೇಶ ಫೋನನ್ನು ಜೇಬಿಗೆ ಹಾಕಿಕೊಂಡ. ಅಷ್ಟೇ ಆದದ್ದು. ಹಗ್ಗ ಬಿಚ್ಚಿದರು.

"ಬಂತು ನೋಡ್ರಿ, ನಮ್ಮ ನಿಮ್ಮೆಲ್ಲರ ಅಗಸಿ ಸರದಾರ," ಅಂತ ಮೈಕು ಕೂಗಿತು. ಮೈಕಿನವನಿಗೆ ನನ್ನ ಸಾಫ್ಟ್‌ವೇರ್ ಬೇಕಿರಲಿಲ್ಲ, ಹೆಸರು ಎದುರಿಗಿನ ಎದೆಗಳ ಮೇಲೆಲ್ಲ ಇತ್ತು. ಕಿತ್ತಳೆ ಗುಂಪು ಎಗರಾಡಿತು. ಸರದಾರ, ಸರದಾರ ಅಂತ ಇಡೀ ದಾರಿ ಅದನ್ನೇ ಕೂಗಿತು. ಹೋರಿ ಗಾಬರಿಯಿಂದ ಓಡಿತು, ಯಾರೂ ಮುಟ್ಟಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಕೊಬ್ಬರಿ ಭದ್ರ. ನಾನು ಇದುವರೆಗೆ ಕಟ್ಟಿದ್ದೆಲ್ಲ ದೊಡ್ಡವರು ಒಪ್ಪಿದಷ್ಟು ದಿನ ನಡೆಯುವ ಆಟ ಅಂತ ಅರ್ಥವಾಗಲು ಹೋರಿ ಆ ತುದಿ ಮುಟ್ಟುವಷ್ಟು ಹೊತ್ತು ಸಾಕಾಯಿತು. ನನ್ನ ಮೇಲೆ, ಮಾವನ ಮೇಲೆ, ಆ ಕಿತ್ತಳೆ ಬಣ್ಣದ ಮೇಲೆ ಒಟ್ಟಿಗೇ ಹೇಸಿಗೆ ಬಂತು.

ಸಾವಿತ್ರಿಬಾಯಿ ಕೈ ಬಿಟ್ಟಿದ್ದಳು. ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ. ಬೈಯುತ್ತಾಳೆ ಅಂದುಕೊಂಡೆ, ಬೈಯಲೂ ಇಲ್ಲ. ಕೂಗು ಸ್ವಲ್ಪ ತಗ್ಗುವವರೆಗೆ ಕಾದು ನನ್ನ ಕಡೆ ತಿರುಗಿದಳು.

"ಹೋರಿದು, ಹೋರಿ ಹೆಸರಿದು ಎಲ್ಲ ಅದ್ರಲ್ಲಿ ಬರ್ದಿದೀರಿ ಅಂದ್ರಲ್ಲ ಮೇಡಂ. ನಮ್ಮೋರ್ದು ಎಲ್ಲಿದೆ, ಸ್ವಲ್ಪ ತೋರ್ಸಿ."

ಫೋನು ತೆಗೆದೆ. ಇದ್ದೇ ಇರುತ್ತದೆ ಅನ್ನುವ ಧೈರ್ಯದಲ್ಲೇ ತೆಗೆದೆ. ಕಿವಿಯೋಲೆಯ ನಂಬರು ಹಾಕಿ ಹಳೆಯ ಹೋರಿಯನ್ನು ಹುಡುಕಿದೆ. ಅದರ ವಯಸ್ಸು ಇತ್ತು, ಮೈಬಣ್ಣ ಇತ್ತು, ಬಲಗೋಡಿನ ತುದಿ ಸೀಳಿದ್ದು ಇತ್ತು. ಆ ದಿನದ ಓಟ ತೆರೆದೆ. ಊರು, ಅಖಾಡ, ಹೊತ್ತು, ಕಟ್ಟಿದ್ದ ಕೊಬ್ಬರಿ, ಭದ್ರ. ಅದರ ಕೆಳಗೆ ಪೆಟ್ಟಾದವರು, ಎದುರಿಗೆ ಒಂದು ಸಣ್ಣ ಚೌಕ, ಚೌಕದೊಳಗೆ ಒಂದು ಅನ್ನುವ ಅಂಕಿ. ಮುಂದೆ ಏನೂ ಇರಲಿಲ್ಲ. ಗೋದಾಮಿನಲ್ಲಿ ಮಾತಾಡಿದ ಯಾರ ಬಾಯಲ್ಲೂ ಹೋರಿ ಹಿಡಿಯುವವನು ಬಂದಿರಲಿಲ್ಲ. ಬಾರದ್ದಕ್ಕೆ ನಾನು ಗೆರೆ ಎಳೆದಿರಲಿಲ್ಲ. ಜೂಲಕ್ಕೆ ಅದರ ಬಣ್ಣ ಬರೆಯುವ ಜಾಗ ಕೊಟ್ಟಿದ್ದೆ.

ಸಾವಿತ್ರಿಬಾಯಿ ಬಗ್ಗಿ ನೋಡಿದಳು. ಬೆರಳಿನಿಂದ ಆ ಅಂಕಿಯನ್ನು ತೋರಿಸಿ, ಇದು ಅವರಾ ಅಂತ ಕೇಳಿದಳು.

ಈಗಲೇ ಹಾಕುತ್ತೇನೆ ಅಂದೆ. ಚೌಕದ ಮೇಲೆ ಒತ್ತಿ, ಅಂಕಿಯನ್ನು ಅಳಿಸಿ, ಲೋಕೇಶ ಅಂತ ಬರೆದು, ಉಳಿಸಿ ಅನ್ನುವ ಗುಂಡಿ ಒತ್ತಿದೆ. ಚೌಕದ ಸುತ್ತ ಕೆಂಪು ಗೆರೆ ಬಂತು, ಅದರ ಕೆಳಗೆ ಕೆಂಪು ಅಕ್ಷರ. ಮತ್ತೆ ಒತ್ತಿದೆ, ಮತ್ತೆ ಅದೇ. ಮಕ್ಕಳ ಹಾಜರಿ, ಅಕ್ಕಿ ಬೇಳೆ ಎಲ್ಲ ಬರೆದಿಡುವವಳು, ಅವಳಿಗೆ ಓದು ಬರುತ್ತಿತ್ತು. ನನ್ನ ಭುಜದ ಮೇಲಿಂದ ಅದನ್ನು ನಿಧಾನವಾಗಿ, ಬಾಯಿಬಿಟ್ಟು ಓದಿದಳು.

"ದಯವಿಟ್ಟು ಸಂಖ್ಯೆಯನ್ನು ಮಾತ್ರ ನಮೂದಿಸಿ."

ಆಮೇಲೆ ಸೆರಗು ಸರಿಮಾಡಿಕೊಂಡು, ಬಸ್ಸಿಗೆ ಹೊತ್ತಾಯಿತು ಅಂತ ಜನರ ನಡುವೆ ದಾರಿ ಮಾಡಿಕೊಂಡು ಹೋದಳು. ನಾನು ಫೋನು ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಆ ಸಾಲು ಯತೀಶ ಬರೆದದ್ದಲ್ಲ, ನಾನೇ ಬರೆದದ್ದು. ಅವನು ಸಂಖ್ಯೆ ಮಾತ್ರ ಅಂತಷ್ಟೇ ಹಾಕಿದ್ದ. ಬಳಸುವವರ ಮನಸ್ಸಿಗೆ ಬೇಜಾರಾಗಬಾರದು ಅಂತ ದಯವಿಟ್ಟು ಅನ್ನುವುದನ್ನು ಸೇರಿಸಿದವಳು ನಾನು.